ಹುರುಳಿಯ ಹಿಂದೆ ಬಂದವರು

ಹೆಸರಘಟ್ಟದ ಕಡೆ ಬಾಡಿಗೆ ಜಾಗದಲ್ಲಿ ನಾಲ್ಕು ಕುದುರೆ ಕಟ್ಟಿಕೊಂಡಾಗ ಕುದುರೆಯ ಬಗ್ಗೆ ಒಂದಿಷ್ಟು ಗೊತ್ತಿತ್ತು. ಲಾಯಕ್ಕೆ ಇನ್ನೂ ಯಾರ್ಯಾರು ಬರುತ್ತಾರೆ ಅನ್ನೋದು ಗೊತ್ತಿರಲಿಲ್ಲ.

ಮೊದಲು ಬಂದವು ಹೆಗ್ಗಣ. ಕುದುರೆ ಹುರುಳಿ ತಿನ್ನುವ ಚಂದ ನೋಡಿದವರಿಗೆ ಗೊತ್ತು, ಬಾಯಿಗೆ ಹೋದಷ್ಟೇ ನೆಲಕ್ಕೂ ಬೀಳುತ್ತೆ. ಹೆಗ್ಗಣದ ಹಿಂದೆಯೇ ಒಂದು ಮಾರುದ್ದದ ಕೇರೆ ಹಾವು. ನಾನು ಹೊಸಬ, ಹೆದರಿ ಹಾವು ಹಿಡಿಯುವವರನ್ನು ಕರೆಸಿ ಸಾಗಹಾಕಿದೆ. ಆಮೇಲೆ ಹೆಗ್ಗಣಗಳು ಹಗಲಲ್ಲೇ ಓಡಾಡತೊಡಗಿದವು.

ಆ ಚಳಿಗಾಲದಲ್ಲೇ ಒಂದು ಬೆಳಗ್ಗೆ ಕುದುರೆ ನೋಡಿಕೊಳ್ಳುವ ಸೈಸ್ ಓಡಿ ಬಂದ. "ಸಾರ್, ಕೆಂಪಿ ಮೂತಿ ನೋಡಿ ಬನ್ನಿ." ಹೆಣ್ಣುಕುದುರೆಯ ಮೂತಿ ಕುಂಬಳಕಾಯಿ ಹಾಗೆ ಊದಿತ್ತು. ಹುಲ್ಲಿನ ಪೆಂಡಿಯ ಸಂದಿಯಲ್ಲಿ ಕೊಳಕುಮಂಡಲ. ಏನೋ ಅಲುಗಾಡಿದ್ದನ್ನು ಮೂಸಲು ಹೋಗಿದ್ದಾಳೆ, ಅಷ್ಟೆ. ಡಾಕ್ಟರು ಫೋನಿನಲ್ಲಿ ಮೊದಲು ಕೇಳಿದ್ದು "ಹೊಳ್ಳೆ ತೆರೆದಿದೆಯಾ?" ಅಂತ. ಕುದುರೆಗೆ ನಮ್ಮ ಹಾಗೆ ಬಾಯಲ್ಲಿ ಉಸಿರಾಡಲು ಬರುವುದಿಲ್ಲ. ಹೊಳ್ಳೆ ಮುಚ್ಚಿದರೆ ವಿಷಕ್ಕಿಂತ ಮುಂಚೆ ಉಸಿರೇ ನಿಲ್ಲುತ್ತೆ. ಅವರು ಹೇಳಿದಂತೆ ಗಿಡಕ್ಕೆ ನೀರು ಬಿಡುವ ಪೈಪನ್ನು ಅರ್ಧ ಗೇಣಿಗಿಂತ ತುಸು ಉದ್ದಕ್ಕೆ ಕತ್ತರಿಸಿ, ಅಂಚು ನಯ ಮಾಡಿ, ಎಣ್ಣೆ ಸವರಿ, ಎರಡೂ ಹೊಳ್ಳೆಗೆ ತೂರಿಸಿ ಟೇಪು ಸುತ್ತಿದೆವು. ಅವಳನ್ನು ನಡೆಸಲಿಲ್ಲ, ನಿಂತಲ್ಲೇ ನಿಲ್ಲಿಸಿದೆವು. ಡಾಕ್ಟರು ಬಂದು ಕೊಟ್ಟದ್ದು ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಅದೊಂದೇ. ಅದು ತಯಾರಾಗುವುದು ಕುದುರೆಯ ರಕ್ತದಿಂದ. ಕೆಂಪಿಯ ಜೀವ ಉಳಿಸಿದ್ದು ಅವಳ ಕುಲದ ಯಾರೋ.

ಕೇರೆ ಇದ್ದಿದ್ದರೆ ಕೊಳಕುಮಂಡಲ ಬರುತ್ತಿರಲಿಲ್ಲ ಅಂತ ಹೇಳಲಾರೆ. ಹೆಗ್ಗಣ ಕಡಿಮೆ ಇದ್ದಿದ್ದರೆ ಅದಕ್ಕೆ ಅಲ್ಲಿ ಕೆಲಸ ಕಡಿಮೆ ಇರುತ್ತಿತ್ತು, ಅದಂತೂ ನಿಜ. ಈಗ ಹುರುಳಿ, ತೌಡು ಮುಚ್ಚಳದ ಕಬ್ಬಿಣದ ಡ್ರಮ್ಮಿನಲ್ಲಿ. ಪೆಂಡಿಗಳು ನೆಲದಿಂದ ಒಂದಡಿ ಮೇಲೆ, ಅಡಿಯಲ್ಲಿ ಟಾರ್ಚು ಬಿಟ್ಟು ನೋಡುವಷ್ಟು ಜಾಗ. ಬೋಗುಣಿ ರಾತ್ರಿಗೆ ಮುಂಚೆ ತೊಳೆಯಲೇಬೇಕು. ಇಲಿಜ್ವರ ಕುದುರೆಗೂ ಬರುತ್ತೆ, ಕಣ್ಣು ಕಳೆಯುತ್ತೆ ಅಂತ ಡಾಕ್ಟರು ಹೆದರಿಸಿದ ಮೇಲೆ ನೀರಿನ ತೊಟ್ಟಿಯನ್ನೂ ದಿನಾ ಉಜ್ಜುತ್ತೇವೆ. ಇನ್ನೊಂದು ಕೇರೆ ತಾನಾಗಿಯೇ ಬಂದು ಸೇರಿಕೊಂಡಿದೆ. ಇದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಟ್ಟದ ಮೇಲೆ ಕೂರುವ ಕಣಜ ಗೂಬೆಯದ್ದು ಬೇರೆ ಕತೆ. ಸೈಸ್‌ಗೆ ಅದು ಅಪಶಕುನ. "ಓಡ್ಸಿಬಿಡೋಣ ಸಾರ್" ಅಂತ ಈಗಲೂ ತಿಂಗಳಿಗೊಮ್ಮೆ ಕೇಳುತ್ತಾನೆ. ಅದು ಉಗುಳಿದ ಉಂಡೆ ಬಿಡಿಸಿ ಇಲಿಯ ತಲೆಬುರುಡೆ ತೋರಿಸಿದೆ. ಒಪ್ಪಲಿಲ್ಲ, ಆದರೆ ಓಡಿಸಲೂ ಇಲ್ಲ.

ಹಕ್ಕಿಗಳಿಂದ ನನಗೆ ಲಾಭವೇ. ಬೆಳ್ಳಕ್ಕಿಗಳು ಗೊರಸಿನ ಹಿಂದೆಯೇ ನಡೆದು, ಹುಲ್ಲಿನಿಂದ ಎದ್ದ ಹುಳು ಹೆಕ್ಕುತ್ತವೆ. ಕಾಜಾಣ ಬೇಲಿ ಕಂಬದಿಂದ ಹಾರಿ ನೊಣ ಹಿಡಿಯುತ್ತೆ. ಚಂದ್ರಮುಕುಟ ಹಳೇ ಲದ್ದಿಗುಂಡಿ ಬಿಟ್ಟು ಕದಲುವುದಿಲ್ಲ. ತಂಟೆ ಕಾಗೆಯದ್ದು ಮಾತ್ರ: ಜೀನು ಉಜ್ಜಿ ಬೆನ್ನಿಗೆ ಗಾಯವಾಗಿದ್ದರೆ ಅದನ್ನೇ ಕುಕ್ಕಿ ದೊಡ್ಡದು ಮಾಡುತ್ತೆ. ಗಾಯ ಮಾಗುವವರೆಗೆ ಹತ್ತಿಬಟ್ಟೆ ಹೊದಿಸದೆ ಹೊರಗೆ ಬಿಡುವುದಿಲ್ಲ.

ಕಳೆದ ಬೇಸಿಗೆ ಕುದುರೆ ತಿರುಗಿಸುವ ಬಯಲಿನ ನಟ್ಟನಡುವೆ ತೇನೆಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅಂತೇನೂ ಇಲ್ಲ, ಬರೀ ಗುಳಿ. ಸುತ್ತ ನಾಲ್ಕು ಸೈಜುಗಲ್ಲು ನೆಟ್ಟು ಹಗ್ಗ ಕಟ್ಟಿದೆ. ಅದು ಬೇಕಿರಲಿಲ್ಲವೇನೋ. ಕೆಂಪಿ ಹತ್ತಿರ ಹೋದರೆ ಹಕ್ಕಿ ರೆಕ್ಕೆ ಬಿಚ್ಚಿ ಕೂಗುತ್ತಿದ್ದ ರಭಸಕ್ಕೆ ಅವಳೇ ಸುತ್ತುಬಳಸಿ ಹೋಗುತ್ತಿದ್ದಳು. ಸುಮಾರು ನಾಲ್ಕು ವಾರಕ್ಕೆ ಮರಿಯಾಗಿ, ಬೇಗನೇ ತಾಯಿಯ ಹಿಂದೆ ಹುಲ್ಲಿಗೆ ಇಳಿದುಹೋದವು. ಕಲ್ಲು ಇನ್ನೂ ಅಲ್ಲೇ ಇದೆ. ಕೆಂಪಿ ಈಗಲೂ ಅದನ್ನು ಬಳಸಿಕೊಂಡೇ ಹೋಗುತ್ತಾಳೆ.