ಕೋರ್ ಕಟಿಂಗ್ ಮಾಡಿಸುವವರಿಗೆ ಒಂದು ಸಲಹೆ

ಅಡುಗೆಮನೆ ಚಿಮಣಿ ಪೈಪಿಗೆ ಗೋಡೆಯಲ್ಲಿ ಕೋರ್ ಕಟಿಂಗ್ (ಮಷಿನ್‌ನಿಂದ ದುಂಡಗೆ ದೊಡ್ಡ ತೂತು ಕೊರೆಯುವುದು) ಮಾಡಿಸುತ್ತಿದ್ದರೆ, ಮೊದಲು ಆ ಜಾಗದ ನಡುವೆ ಉದ್ದನೆಯ 8 ಎಂಎಂ ಡ್ರಿಲ್ ಬಿಟ್‌ನಲ್ಲಿ ಆಚೆಗೆ ಬರುವಂತೆ ಒಂದು ಸಣ್ಣ ತೂತು ಹೊಡೆಸಿ, ಆಮೇಲೆ ಅದನ್ನೇ ಗುರುತು ಮಾಡಿಕೊಂಡು ಅರ್ಧ ಒಳಗಿನಿಂದ, ಅರ್ಧ ಹೊರಗಿನಿಂದ ಕೊರೆಯಲು ಹೇಳಿ. ಒಂದೇ ಕಡೆಯಿಂದ ಕೊರೆದರೆ ಕೊನೆಯ ಒಂದಿಂಚಿಗೆ ಹಿಂದೆ ಆಸರೆಯೇ ಇರುವುದಿಲ್ಲ, ಮಷಿನ್ ತಳ್ಳುವ ರಭಸಕ್ಕೆ ಆಚೆ ಬದಿಯ ಪ್ಲಾಸ್ಟರ್ ಊಟದ ತಟ್ಟೆಯಷ್ಟು ಅಗಲಕ್ಕೆ ಎದ್ದು ಬರುತ್ತದೆ. ಸಣ್ಣ ತೂತು ಎಲ್ಲಿ ಬಂತು ನೋಡಿದರೆ ಕಿಟಕಿ ಸಜ್ಜಾಕ್ಕೋ ನೀರಿನ ಪೈಪಿಗೋ ತಾಗುತ್ತಾ ಅಂತಲೂ ಮೊದಲೇ ಗೊತ್ತಾಗುತ್ತದೆ. ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ, ಮಳೆನೀರು ಒಳಗೆ ಬರಲ್ಲ. ಮೇಲಿನ ಮಹಡಿಯಲ್ಲಿ ಹೊರಗೆ ನಿಲ್ಲಲು ಜಾಗ ಇಲ್ಲದಿದ್ದರೆ ಎರಡೂ ಕಡೆಯಿಂದ ಕೊರೆಯುವ ಈ ಉಪಾಯ ನಡೆಯಲ್ಲ. ಆಗ ಕೊನೆಗೆ ಜಾಸ್ತಿ ಒತ್ತಬೇಡಿ ಅನ್ನಿ, ಕೆಳಗೆ ಯಾರೂ ಓಡಾಡದಂತೆ ಒಬ್ಬರನ್ನು ನಿಲ್ಲಿಸಿ, ಉದುರಿದ ಕಡೆ ಆಮೇಲೆ ಸಿಮೆಂಟ್ ಮೆತ್ತಿಸಬೇಕಾಗುತ್ತದೆ. ಬೀಮ್, ಪಿಲ್ಲರ್ ತಂಟೆಗೆ ಮಾತ್ರ ಹೋಗಲೇಬೇಡಿ, ಕೆಲಸದವರು ‘ಏನಾಗಲ್ಲ ಸಾರ್’ ಅಂದರೂ ಕೇಳಬೇಡಿ. ಮಷಿನ್ ಸದ್ದು ತಟ್ಟನೆ ಬದಲಾಗಿ, ಕೊರೆಯುವಾಗ ಬರುವ ಕೆಸರು ನೀರಿನಲ್ಲಿ ಹೊಳೆಯುವ ಚೂರು ಬಂದರೆ ಕಾಂಕ್ರೀಟ್ ಒಳಗಿನ ಕಂಬಿ ಸಿಕ್ಕಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ ಇಂಜಿನಿಯರ್‌ಗೆ ಫೋನ್ ಮಾಡಿ.