ಬ್ರೂಹೌಸ್ ಇಲ್ಲದೆ ವೈಲ್ಡ್ ಏಲ್ ಬ್ರೂವರಿ: ನನ್ನ ಅನುಭವ

ನಮ್ಮ ಬ್ರೂವರಿಯ ಮೂರನೇ ವರ್ಷದ ಬ್ಲೆಂಡ್, ಅಂದರೆ ಹಲವು ಬ್ಯಾರೆಲ್‌ಗಳ ಬಿಯರ್ ಬೆರೆಸಿದ್ದು, ಬಾಟಲಿಗಿಳಿದು ಕೆಲವೇ ವಾರಗಳಲ್ಲಿ ಪೂರ್ತಿ ಖಾಲಿಯಾಯಿತು. ಇದಕ್ಕೂ ಮೊದಲು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಶುರು ಮಾಡುವಾಗ ಬ್ರೂವರ್ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ಮೊದಲು ಐಪಿಎ, ಲಾಗರ್ ಥರದ ಮಾಮೂಲಿ ಬಿಯರ್ ಮಾಡಿ ನಾಲ್ಕು ಕಾಸು ನೋಡು, ವೈಲ್ಡ್ ಏಲ್‌ಗೆ (ಕಾಡು ಯೀಸ್ಟ್, ಬ್ಯಾಕ್ಟೀರಿಯಾದಿಂದ ನಿಧಾನಕ್ಕೆ ಹುಳಿಯಾಗುವ ಬಿಯರ್) ಆಮೇಲೆ ಮೂಲೆಯಲ್ಲಿ ಒಂದಿಷ್ಟು ಬ್ಯಾರೆಲ್ ಇಟ್ಟುಕೊಳ್ಳುವೆಯಂತೆ. ಬರೀ ಬ್ಯಾರೆಲ್ ನಂಬಿ ಕೂತರೆ ಮೊದಲ ಬಾಟಲಿ ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತೀಯ ಅಂದರು. ಬ್ರೂಹೌಸ್, ಅಂದರೆ ಮಾಲ್ಟ್ ನೆನೆಸಿ ಕುದಿಸುವ ಸಲಕರಣೆ, ಕೊಂಡವರ ಮಟ್ಟಿಗೆ ಅವರ ಲೆಕ್ಕ ಸರಿಯೇ. ನಾನು ಬ್ರೂಹೌಸನ್ನೇ ಕೊಳ್ಳಲಿಲ್ಲ.

ವರ್ಟ್, ಅಂದರೆ ಹುದುಗಿ ಬಿಯರ್ ಆಗುವ ಸಿಹಿ ಮಾಲ್ಟ್ ರಸ, ಹೊರಗಿನಿಂದ ತರಿಸಿದೆ. ಬೆಲ್ಜಿಯಂನಲ್ಲಿ ಲ್ಯಾಂಬಿಕ್ (ಗಾಳಿಯ ಯೀಸ್ಟ್‌ನಿಂದ ತಾನೇ ಹುದುಗುವ ಹುಳಿ ಬಿಯರ್) ವರ್ಟ್ ಕೊಂಡು, ತಮ್ಮ ಬ್ಯಾರೆಲ್‌ಗಳಲ್ಲಿ ಹುದುಗಿಸಿ, ಎಳೆಯದನ್ನೂ ಹಳೆಯದನ್ನೂ ಬ್ಲೆಂಡ್ ಮಾಡಿ ಗೂಜ್ ಅನ್ನುವ ಬಿಯರ್ ಮಾರುವವರು ತಲೆಮಾರುಗಳಿಂದ ಇದ್ದಾರೆ. ಅಲ್ಲಿನ ಬ್ಲೆಂಡರ್ ಟಿಲ್ಕ್ವಿನ್ 2009ರಲ್ಲಿ ಶುರುವಾಗಿ 2011ರಲ್ಲಿ ಮೊದಲ ಗೂಜ್ ಹೊರತಂದದ್ದು ಈ ದಾರಿಯಲ್ಲೇ. ಅಲ್ಲಿ ನಡೆಯುವುದು ಇಲ್ಲಿ ಯಾಕೆ ನಡೆಯಬಾರದು ಅನ್ನುವುದೊಂದೇ ನನ್ನ ವಾದವಾಗಿತ್ತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಕೆಟಲ್, ಮ್ಯಾಶ್ ಟನ್, ಬಾಯ್ಲರ್, ಚಿಲ್ಲರ್ ಎಲ್ಲ ಸೇರಿದ್ದರೆ ನನ್ನ ಬಂಡವಾಳದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯುತ್ತಿತ್ತು. ಅದರ ಬದಲು ಬ್ಯಾರೆಲ್ ಮತ್ತು ರ‍್ಯಾಕ್‌ಗೆ ಸುಮಾರು ಐದನೇ ಒಂದು ಪಾಲು, ಎರಡು ಸ್ಟೀಲ್ ಟ್ಯಾಂಕ್, ಪಂಪ್, ಬಾಟಲಿ ತುಂಬುವ ಸಾಮಾನಿಗೆ ಹೆಚ್ಚುಕಮ್ಮಿ ಅಷ್ಟೇ, ಗೋದಾಮಿನ ಇನ್ಸುಲೇಷನ್ ಮತ್ತು ಕೂಲಿಂಗ್‌ಗೆ ಇನ್ನೊಂದಿಷ್ಟು ಹೋಯಿತು. ಉಳಿದದ್ದು ಎರಡು ವರ್ಷದ ಬಾಡಿಗೆಗೂ ಸಂಬಳಕ್ಕೂ. ಅದನ್ನು ಬೇರೆ ಖಾತೆಯಲ್ಲಿಟ್ಟು, ಎಷ್ಟು ಒಳ್ಳೆಯ ಬ್ಯಾರೆಲ್ ಮಾರಾಟಕ್ಕೆ ಬಂದರೂ ಮುಟ್ಟಲಿಲ್ಲ. ಕೊಂಡ ವರ್ಟ್ ಸ್ವಂತ ವರ್ಟ್‌ಗಿಂತ ಲೀಟರಿಗೆ ಒಂದೂವರೆ ಪಟ್ಟು ದುಬಾರಿ. ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಇದಕ್ಕೇ. ಆದರೆ ಮಾರುವ ಬಾಟಲಿಯ ಖರ್ಚಿನಲ್ಲಿ ವರ್ಟ್‌ನ ಪಾಲು ಹತ್ತರಲ್ಲೊಂದು ಇದ್ದೀತು. ಜಾಗ, ಗಾಜು, ಕಾಯುವ ಕಾಲದ ಬಡ್ಡಿ, ಚರಂಡಿಗೆ ಸುರಿಯುವ ಬಿಯರ್, ಇವೇ ದೊಡ್ಡವು.

ಸುರಿಯುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲೇಬೇಕು. ಮೊದಲ ಸುತ್ತಿನಲ್ಲಿ ನಲವತ್ತರ ಆಸುಪಾಸು ಬ್ಯಾರೆಲ್ ತುಂಬಿದೆ, ಎಲ್ಲವೂ 225 ಲೀಟರಿನ ವೈನ್ ಬ್ಯಾರೆಲ್. ಆರರಲ್ಲೊಂದು ಹೋಯಿತು, ಬಹುಪಾಲು ವಿನೆಗರ್ ಆಗಿ. ಮೇಲಿನ ಸಾಲಿನವೇ ಹೆಚ್ಚು, ಛಾವಣಿಯ ಕೆಳಗೆ ಬಿಸಿ ಇರುತ್ತಿತ್ತು. ಬಿಸಿಯಲ್ಲಿ ಬಿಯರ್ ಹಿಗ್ಗಿ ಬಂಗ್ (ಬ್ಯಾರೆಲ್ ಬಿರಡೆ) ತಳ್ಳುತ್ತದೆ, ತಂಪಾದಾಗ ಗಾಳಿ ಒಳಗೆಳೆದುಕೊಳ್ಳುತ್ತದೆ. ಆಕ್ಸಿಜನ್ ಸಿಕ್ಕರೆ ವಿನೆಗರ್ ಬ್ಯಾಕ್ಟೀರಿಯಾ ಅಸಿಟೊಬ್ಯಾಕ್ಟರ್ ಜೊತೆಗೆ ಬ್ರೆಟ್ (ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್) ಕೂಡ ವಿನೆಗರಿನ ಅಸಿಟಿಕ್ ಆಸಿಡ್ ಮಾಡುತ್ತದೆ. ಈಗ ಮೇಲಿನ ಸಾಲನ್ನು ಖಾಲಿ ಬಿಟ್ಟಿದ್ದೇನೆ. ತಾಪಮಾನ 14ರಿಂದ 18 ಡಿಗ್ರಿ ದಾಟುವುದಿಲ್ಲ, ದಾಟಿದರೆ ಫೋನ್ ಹೊಡೆದುಕೊಳ್ಳುತ್ತದೆ. ಅಲಾರಂ ದುಂದು ಅಂದವರಿಗೆ ನಾನು ಬೆಲ್ಜಿಯಂನ ಲ್ಯಾಂಬಿಕ್ ಬ್ರೂವರಿ ಡ್ರೀ ಫಾಂಟೈನೆನ್ ಕಥೆ ಹೇಳುತ್ತೇನೆ: 2009ರಲ್ಲಿ ಅವರ ಗೋದಾಮಿನ ಥರ್ಮೋಸ್ಟಾಟ್ ಕೆಟ್ಟು ಹತ್ತಾರು ಸಾವಿರ ಬಾಟಲಿ ಹಾಳಾದವು.

ರುಚಿ ನೋಡಲು ಬಂಗ್ ತೆಗೆಯುವ ಅಭ್ಯಾಸವನ್ನೂ ಬಿಟ್ಟೆ. ಬ್ಯಾರೆಲ್ ಮುಖಕ್ಕೆ ಸಣ್ಣ ತೂತು ಕೊರೆದು ಸ್ಟೇನ್‌ಲೆಸ್ ಮೊಳೆ ಬಡಿದಿದ್ದೇನೆ, ಅಮೆರಿಕದ ಬ್ರೂವರಿ ರಷ್ಯನ್ ರಿವರ್‌ನ ವಿನ್ನಿ ಸಿಲುರ್ಜೊ ಹೆಸರಿನಲ್ಲೇ ಎಲ್ಲರೂ ಕರೆಯುವ ಮೊಳೆ ಅದು. ಮೊಳೆ ಎಳೆದರೆ ಸಣ್ಣ ಧಾರೆ, ಲೋಟಕ್ಕೆ ಹಿಡಿದು ಮತ್ತೆ ಬಡಿದರೆ ಆಯಿತು. ಈ ಒಂದು ಬದಲಾವಣೆಯಿಂದ ಉಳಿದ ಬಿಯರ್‌ಗೆ ಹೋಲಿಸಿದರೆ ಮೊಳೆಗಳ ಖರ್ಚು ಖರ್ಚೇ ಅಲ್ಲ.

ಇನ್ನೊಂದು ಜಗಳ ಹುಳಿ ತರುವ ಬ್ಯಾಕ್ಟೀರಿಯಾ ಪೀಡಿಯೊಕಾಕಸ್‌ನದು. ಐದಾರು ತಿಂಗಳಿಗೆ ಕೆಲವು ಬ್ಯಾರೆಲ್ ಲೋಳೆಯಾದವು. ಲೋಟದಿಂದ ಸುರಿದರೆ ಎಣ್ಣೆಯಂತೆ ನೂಲು ನೂಲಾಗಿ ಇಳಿಯುತ್ತಿತ್ತು, ಬೆಣ್ಣೆ ವಾಸನೆ ಬೇರೆ. ನೋಡಿದ ಅನುಭವಿಗಳೊಬ್ಬರು ಚೆಲ್ಲಿಬಿಡು ಅಂದರು. ನಾನು ಚೆಲ್ಲಲಿಲ್ಲ. ಬ್ರೆಟ್ ಜೀವಂತವಾಗಿದ್ದರೆ ಲೋಳೆಯನ್ನೂ ಬೆಣ್ಣೆ ವಾಸನೆಯ ಡೈಅಸಿಟೈಲನ್ನೂ ಅದೇ ತಿಂದು ಮುಗಿಸುತ್ತದೆ. ಬ್ಯಾರೆಲ್ ಅಲುಗಾಡಿಸದೆ, ತೆರೆಯದೆ ಬಿಟ್ಟೆ. ಮತ್ತೆ ನಾಲ್ಕೈದು ತಿಂಗಳಿಗೆ ತಿಳಿಯಾಗಿ, ಒಣದಾಗಿ, ಆಳವಾದ ಹುಳಿ ಬಂದಿತ್ತು. ಮೂರನೇ ವರ್ಷದ ಬ್ಲೆಂಡ್‌ನ ಬೆನ್ನೆಲುಬೇ ಆ ಬ್ಯಾರೆಲ್‌ಗಳು. ಅದೇ ಅನುಭವಿಗಳು ಆಮೇಲೆ ಬಂದು ಎರಡು ಬಾಟಲಿ ಕೇಳಿ ತೆಗೆದುಕೊಂಡು ಹೋದರು.

ವರ್ಟ್ ಬಗ್ಗೆ: ಸುಮಾರು 1.050 ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಎಷ್ಟಿದೆ ಅನ್ನುವುದರ ಅಳತೆ), ಮೂರನೇ ಎರಡು ಪಾಲು ಪಿಲ್ಸ್‌ನರ್ ಮಾಲ್ಟ್, ಉಳಿದದ್ದು ಮಾಲ್ಟ್ ಮಾಡದ ಗೋಧಿ, ಮ್ಯಾಶ್ ಬಿಸಿ ಜಾಸ್ತಿ, ಕಹಿ 10 ಐಬಿಯು ಒಳಗೆ. ವರ್ಟ್ ಕೊಡುವವರಿಗೆ ನನ್ನ ಬ್ರೆಟ್ ಅವರ ಲಾಗರ್‌ಗೆ ನುಗ್ಗೀತೆಂಬ ಭಯ. ನಮ್ಮಲ್ಲಿಗೆ ಬಂದ ಹೋಸ್, ಗ್ಯಾಸ್ಕೆಟ್, ಕ್ಲಾಂಪ್ ಯಾವುದೂ ಅವರಲ್ಲಿಗೆ ಮರಳಬಾರದೆಂದು ಮಾತು ಕೊಟ್ಟೆ. ಟ್ಯಾಂಕರ್ ಖಾಲಿ ಮಾಡುವ ಹೋಸ್ ಕೂಡ ನನ್ನದೇ. ಒಂದು ವಾರ ಸ್ಟೀಲ್‌ನಲ್ಲಿ ಸೈಸನ್ (ಬೆಲ್ಜಿಯಂ ಕಡೆಯ ಒಣ ಏಲ್) ಯೀಸ್ಟ್ ಓಡಿಸಿ ಆಮೇಲೆ ಬ್ಯಾರೆಲ್‌ಗೆ ಇಳಿಸುತ್ತೇನೆ. ಬ್ಯಾರೆಲ್‌ಗೆ ಹಾಕುವ ಮಿಶ್ರ ಕಲ್ಚರ್ (ಯೀಸ್ಟ್, ಬ್ಯಾಕ್ಟೀರಿಯಾ ಬೆರೆತದ್ದು) ಹೇಗೆ ಬೆಳೆಸಿದೆ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ದುಡಿದಿದ್ದೇನೆ.

ಮೊದಲ ವರ್ಷ ಕೈಗೆ ಕಾಸು ತಂದದ್ದು ಎಳೆಯ ಸೈಸನ್. ಸ್ಟೀಲ್‌ನಲ್ಲಿ ಆರು ವಾರದ ಸೈಸನ್‌ಗೆ ಚುರುಕಾಗಿ ಹುಳಿ ಬಂದ ಬ್ಯಾರೆಲ್‌ಗಳಿಂದ ಹತ್ತು-ಹದಿನೈದು ಪರ್ಸೆಂಟ್ ಸೇರಿಸಿ ಕೆಗ್‌ಗೆ ತುಂಬಿದೆ. ಬಾಡಿಗೆ ಬಹುಪಾಲು ಅದರಲ್ಲೇ ಹುಟ್ಟಿತು. ಹಾಗೆ ತೆಗೆದ ಬ್ಯಾರೆಲ್‌ಗಳಿಗೆ ಹೊಸ ಬಿಯರ್ ತುಂಬಿ ಸೊಲೆರಾ ಮಾಡಿದೆ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಳೆಯಬೇಡಿ, ಎಳೆದರೆ ಗುಣ ತೆಳುವಾಗುತ್ತದೆ.

ನಡುವೆ ಕೂಲ್‌ಶಿಪ್ ಆಸೆಯೂ, ಅಂದರೆ ಗಾಳಿಯ ಯೀಸ್ಟ್ ಬೀಳಲೆಂದು ವರ್ಟನ್ನು ತೆರೆದ ತಟ್ಟೆಯಲ್ಲಿ ತಣಿಸುವ ಆಸೆ, ಹುಟ್ಟಿತ್ತು. ಆಳವಿಲ್ಲದ ಸ್ಟೀಲ್ ತಟ್ಟೆ ಮಾಡಿಸಿ, ಕುದಿ ವರ್ಟ್ ತರಿಸಿ, ಚಳಿಗಾಲದ ರಾತ್ರಿಗಳಲ್ಲಿ ತೆರೆದಿಟ್ಟೆ. ಒಂದಷ್ಟಕ್ಕೆ ಮೊದಲೇ ಲ್ಯಾಕ್ಟಿಕ್ ಆಸಿಡ್ ಹಾಕಿ ಪಿಎಚ್ 4.5ಕ್ಕೆ ಇಳಿಸಿದ್ದೆ, ಕೆಟ್ಟ ವಾಸನೆ ತರುವ ಎಂಟರೊಬ್ಯಾಕ್ಟೀರಿಯಾ ತಡೆಯಲು. ಇಳಿಸದೆ ಬಿಟ್ಟವುಗಳಲ್ಲಿ ತಿಂಗಳುಗಟ್ಟಲೆ ಕೊಳೆತ ತರಕಾರಿ ವಾಸನೆ, ಇಳಿಸಿದವು ಸ್ವಚ್ಛ. ಆದರೆ ಎಲ್ಲಕ್ಕಿಂತ ಸೊಗಸಾದ ಒಂದು ಬ್ಯಾರೆಲ್ ಬಂದದ್ದು ಇಳಿಸದವುಗಳಿಂದಲೇ. ಅದನ್ನು ಇನ್ನೂ ಯಾವುದಕ್ಕೂ ಬೆರೆಸಿಲ್ಲ.

ಬಾಟಲಿಗಿಳಿಸುವಾಗ ಗ್ರಾವಿಟಿ ಎರಡು ತಿಂಗಳು ಕದಲದೆ ನಿಂತಿರಬೇಕು. ಒಂದು ಪಾಯಿಂಟ್ (0.001) ಇಳಿದರೆ ಸುಮಾರು ಅರ್ಧ ವಾಲ್ಯೂಮ್, ಅಂದರೆ ಬಿಯರ್‌ನ ಅರ್ಧ ಗಾತ್ರದಷ್ಟು, ಗ್ಯಾಸ್. ಎಳೆಯದನ್ನೂ ಹಳೆಯದನ್ನೂ ಬ್ಲೆಂಡ್ ಮಾಡಿದಾಗ ಹಳೆಯದರ ಬ್ರೆಟ್ ಎಳೆಯದರ ಉಳಿದ ಸಕ್ಕರೆ ತಿನ್ನುತ್ತದೆ, ಆ ಲೆಕ್ಕ ಬಿಟ್ಟು ಸಕ್ಕರೆ ಹಾಕಿದರೆ ಬಾಟಲಿ ಸಿಡಿಯುತ್ತದೆ. ಶಾಂಪೇನ್ ಬಾಟಲಿಯ ದಪ್ಪ ಗಾಜಿಗೆ ಕಂಜೂಸಿ ಬೇಡ. ಪಿಎಚ್ 3.3ರಲ್ಲಿ ಸಾಮಾನ್ಯ ಯೀಸ್ಟ್ ನರಳುತ್ತದೆ, ವೈನ್ ಯೀಸ್ಟ್ ಹಾಕಿ. ಬಾಟಲಿಯಲ್ಲಿ ಒಂದೆರಡು ತಿಂಗಳಿಗೆ ಇಲಿ ಪಂಜರದ ಥರ ಟಿಎಚ್‌ಪಿ ಎಂಬ ರಾಸಾಯನಿಕದ ವಾಸನೆ ಬರಬಹುದು. ಮಾರಬೇಡಿ, ಹೋಗುವವರೆಗೆ ಇಡಿ. ನಮ್ಮದು ಐದನೇ ತಿಂಗಳಿಗೆ ಹೋಯಿತು.

ಖಾಲಿಯಾದ ಬ್ಯಾರೆಲನ್ನು ಸಾಧ್ಯವಾದರೆ ಅದೇ ದಿನ ತುಂಬುತ್ತೇನೆ. ಆಗದಿದ್ದರೆ ಬಿಸಿನೀರಲ್ಲಿ ತೊಳೆದು, ಬೋರಲು ಹಾಕಿ ಪೂರ್ತಿ ಬಸಿದು, ಗಂಧಕದ ಬತ್ತಿ ಉರಿಸಿ ಬಂಗ್ ಬಡಿಯುವುದು, ತಿಂಗಳಿಗೊಮ್ಮೆ ಮತ್ತೆ ಅದೇ. ಆಗ ತಾನೇ ಖಾಲಿಯಾದ ವಿಸ್ಕಿ ಬ್ಯಾರೆಲ್‌ಗೆ ಮಾತ್ರ ಬತ್ತಿ ಹಚ್ಚಬೇಡಿ, ಆಲ್ಕೋಹಾಲ್ ಆವಿಗೆ ಬೆಂಕಿ ತಗಲುತ್ತದೆ.