ಎಎಫ್‌ಎಂ ಹೊಂದಿಸುವ ಮುಂಚೆ ಕೇಳಿ: ಬರೆಯುವವರು ಯಾರು?

ಎರಡು ಜಿಪಿಎಫ್‌ಎಸ್ (ಹಲವು ಸರ್ವರುಗಳು ಹಂಚಿಕೊಳ್ಳುವ ಐಬಿಎಂ ಫೈಲ್ ಸಿಸ್ಟಮ್) ಕ್ಲಸ್ಟರುಗಳ ನಡುವೆ 1,000 ಕಿಲೋಮೀಟರ್ ಇದ್ದರೆ ಫೈಬರಿನಲ್ಲಿ ಬೆಳಕು ಹೋಗಿಬರುವುದಕ್ಕೇ ಸುಮಾರು 10 ಮಿಲಿಸೆಕೆಂಡು ಬೇಕು. ದೊಡ್ಡ ಫೈಲೊಂದನ್ನು ಓದುವಾಗ ಇದು ಗೊತ್ತೇ ಆಗುವುದಿಲ್ಲ. ಲಕ್ಷ ಸಣ್ಣ ಫೈಲುಗಳನ್ನು ಒಂದೊಂದಾಗಿ ತೆರೆಯಿರಿ, ಬರೀ ಕಾಯುವುದರಲ್ಲೇ ಕಾಲು ಗಂಟೆ ಕಳೆಯುತ್ತದೆ. ಅದಕ್ಕೇ ಎಎಫ್‌ಎಂ (ಆಕ್ಟಿವ್ ಫೈಲ್ ಮ್ಯಾನೇಜ್‌ಮೆಂಟ್), ದೂರದ ಫೈಲುಗಳ ಪ್ರತಿಯನ್ನು ಹತ್ತಿರ ಇಡುವ ಜಿಪಿಎಫ್‌ಎಸ್ ಸೌಲಭ್ಯ: ಮೂಲ ಡೇಟಾ ಇರುವ ಕಡೆ ‘ಹೋಮ್’, ಪ್ರತಿ ಇಟ್ಟುಕೊಳ್ಳುವ ಕಡೆ ‘ಕ್ಯಾಶ್’.

ಬರೆಯುವವರು ಯಾರು ಅನ್ನುವುದು ಮೊದಲು ಇತ್ಯರ್ಥವಾಗಲಿ. ಹೋಮ್‌ನಲ್ಲಿ ಮಾತ್ರ ಬರೆಯುವುದಾದರೆ ರೀಡ್-ಓನ್ಲಿ ಮೋಡ್. ಒಂದೇ ಕ್ಯಾಶ್‌ನಿಂದ ಬರೆಯುವುದಾದರೆ ಸಿಂಗಲ್-ರೈಟರ್. ಹಲವು ಕ್ಯಾಶ್‌ಗಳಿಂದಾದರೆ ಇಂಡಿಪೆಂಡೆಂಟ್-ರೈಟರ್. ಆದರೆ ಒಂದು ಕ್ಯಾಶ್‌ನಲ್ಲಿ ಹಾಕಿದ ಲಾಕ್ ಇನ್ನೊಂದಕ್ಕೆ ಕಾಣದು, ಒಂದೇ ಫೈಲನ್ನು ಇಬ್ಬರು ತಿದ್ದಿದರೆ ಕೊನೆಗೆ ಬಂದದ್ದೇ ಉಳಿಯುತ್ತದೆ. ಕ್ಯಾಶ್‌ನಲ್ಲಿ ತಿದ್ದಿದ್ದು ಹೋಮ್‌ಗೆ ಹೋಗದ ಲೋಕಲ್-ಅಪ್‌ಡೇಟ್ ಪ್ರಯೋಗಕ್ಕೆ ಸರಿ. ಅದರಿಂದ ಬೇರೆ ಮೋಡ್‌ಗೆ ಬದಲಾಯಿಸಲು ಮಾತ್ರ ಬರುವುದಿಲ್ಲ.

ಸಿಂಗಲ್-ರೈಟರ್ ಇದ್ದಾಗ ಹೋಮ್‌ನಲ್ಲಿ ಯಾರೂ ಕೈಯಾಡಿಸಬಾರದು, ಆದರೆ ಸಾಫ್ಟ್‌ವೇರ್ ಅದನ್ನು ತಡೆಯುವುದಿಲ್ಲ. ನಮ್ಮಲ್ಲೊಬ್ಬರು ‘ಒಂದೇ ಸಾಲು’ ಅಂತ ಹೋಮ್‌ನಲ್ಲಿ ತಿದ್ದಿದರು. ಆ ರಾತ್ರಿ ನಾನು ಕೂತು ರೀಸಿಂಕ್ ಮಾಡಿದೆ, ಅಂದರೆ ಹೋಮ್ ಅನ್ನು ಮತ್ತೆ ಕ್ಯಾಶ್‌ಗೆ ಹೊಂದಿಸಿದೆ. ಈಗ ಹೋಮ್‌ನ ಎಕ್ಸ್‌ಪೋರ್ಟನ್ನು ಕ್ಯಾಶ್ ಬದಿಯ ಗೇಟ್‌ವೇಗಳಿಗಷ್ಟೇ (ಹೋಮ್ ಜೊತೆ ಮಾತಾಡುವ ಸರ್ವರುಗಳಿಗೆ) ತೆರೆದಿಡುತ್ತೇನೆ.

ಉಳಿದದ್ದು ಕಷ್ಟವಲ್ಲ. ಎರಡೂ ಕಡೆ ಯೂಸರ್ ಐಡಿಗಳು ಒಂದೇ ಇರಲಿ. ಹೋಮ್‌ನಲ್ಲಿ ಎಎಫ್‌ಎಂ ಸಕ್ರಿಯ ಮಾಡಿ, ಇಲ್ಲದಿದ್ದರೆ ಎಸಿಎಲ್‌ಗಳು (ಯಾರಿಗೆ ಏನು ಅನುಮತಿ ಎಂಬ ಪಟ್ಟಿಗಳು) ಬರುವುದಿಲ್ಲ. ಕ್ಯಾಶ್ ಕ್ಲಸ್ಟರಿನಲ್ಲಿ ಗೇಟ್‌ವೇ ನೋಡ್ ಗುರುತಿಸಿ. ನಾನು ಎರಡು ಇಡುತ್ತೇನೆ, ಅವುಗಳ ಮೇಲೆ ಬೇರೆ ಕೆಲಸ ಹೇರುವುದಿಲ್ಲ. ಸ್ವಂತ ಐನೋಡ್ ಸ್ಪೇಸ್ (ಫೈಲುಗಳ ದಾಖಲೆಗೆ ಪ್ರತ್ಯೇಕ ಜಾಗ) ಇರುವ ಫೈಲ್‌ಸೆಟ್, ಅಂದರೆ ಫೈಲ್ ಸಿಸ್ಟಮ್‌ನ ಒಂದು ಭಾಗ, ರಚಿಸುವಾಗಲೇ ಟಾರ್ಗೆಟ್ (ಹೋಮ್‌ನ ವಿಳಾಸ), ಮೋಡ್ ಕೊಟ್ಟು, ಲಿಂಕ್ ಮಾಡಿ. ಒಳಗೆ ಹೋಗಿ ಒಮ್ಮೆ ಪಟ್ಟಿ ನೋಡಿ: ಇನ್‌ಆಕ್ಟಿವ್ ಇದ್ದ ಸ್ಥಿತಿ ಆಕ್ಟಿವ್ ಆಗುತ್ತದೆ.

ಬೆಳಿಗ್ಗೆ ಬೇಕಾಗುವ ಫೈಲುಗಳ ಪಟ್ಟಿ ಗೊತ್ತಿದ್ದರೆ ರಾತ್ರಿಯೇ ಪ್ರಿಫೆಚ್ (ಮುಂಚೆಯೇ ಕ್ಯಾಶ್‌ಗೆ ತರುವ ಕೆಲಸ) ಹಚ್ಚಿ ಮಲಗಿ. ಹೋಮ್‌ನ ಬದಲಾವಣೆ ತಕ್ಷಣ ಕಾಣಲಿಲ್ಲವೆಂದು ಗಾಬರಿ ಬೇಡ. ಡೀಫಾಲ್ಟ್ ಆಗಿ ಫೈಲುಗಳ ಮರುಪರಿಶೀಲನೆ 30 ಸೆಕೆಂಡಿಗೆ, ಡೈರೆಕ್ಟರಿಗಳದ್ದು 60ಕ್ಕೆ. ‘ಡರ್ಟಿ’ ಅಂತ ಕಂಡರೂ ದೋಷವಲ್ಲ, ಕಳಿಸಬೇಕಾದದ್ದು ಇನ್ನೂ ಸರದಿಯಲ್ಲಿದೆ ಎಂದರ್ಥ. ಕ್ಯಾಶ್‌ನಲ್ಲಿ ಉಳಿಸಿದ್ದು ಹೋಮ್‌ಗೆ ತಡವಾಗಿಯೇ ಹೋಗುತ್ತದೆ. ಹಾಗಾಗಿ ‘ಅಲ್ಲಿ ಫೈಲ್ ಇದೆ ನೋಡಿ’ ಎಂದು ಆಚೆಯವರಿಗೆ ಹೇಳುವ ಮುಂಚೆ ಸರದಿಯನ್ನು ಫ್ಲಶ್ ಮಾಡಿ (ಬಾಕಿ ಇದ್ದದ್ದೆಲ್ಲ ಕಳಿಸಿ), ಸ್ಥಿತಿ ಮತ್ತೆ ಆಕ್ಟಿವ್‌ಗೆ ಬಂತೇ ನೋಡಿಕೊಳ್ಳಿ.